ನೆಲಕ್ಕಿಟ್ಟ ಹಲಗೆ

ಪಂಚಾಯತಿಯ ಕಸದ ಗಾಡಿ ದಿನಾ ಬೆಳಿಗ್ಗೆ ನನ್ನ ಪಂಕ್ಚರ್ ಅಂಗಡಿ ಮುಂದೆ ಹಾಯ್ದು ಹೋಗುತ್ತದೆ. ಅದರ ಮೈಕು ಹಸಿ ಕಸ, ಒಣ ಕಸ ಅನ್ನುತ್ತದೆ, ನೀರು ಬಿಡುವ ಹೊತ್ತು ಹೇಳುತ್ತದೆ, ದನಗಳಿಗೆ ಸೂಜಿ ಮಾಡುವ ದಿನ ಹೇಳುತ್ತದೆ. ಹೇಳಬೇಕಾದ ಒಂದು ಮಾತು ಮಾತ್ರ ಹೇಳುವುದಿಲ್ಲ. ಆ ಗಾಡಿ ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಡ್ರೈವರನದು ತಪ್ಪಿಲ್ಲ, ಆದರೂ ಅವನಿಗೇ ಬೈಯುತ್ತೇನೆ.

ಮೈಕು ಬರುವ ಮುಂಚೆ ಊರಿಗೆ ಡಂಗುರ ಸಾರುತ್ತಿದ್ದವನು ಹುಚ್ಚೀರಪ್ಪ. ನಮ್ಮೂರು ಗಿಣಿಗೇರಾಕ್ಕೆ ಹತ್ತಿರ. ಗಂಡಸರಲ್ಲಿ ಹೆಚ್ಚಿನವರು ಫ್ಯಾಕ್ಟರಿಯವರು, ಶಿಫ್ಟಿನವರು. ಅವರು ಎದ್ದಿರುವ ಹೊತ್ತು ನೋಡಿಯೇ ಅವನು ಸಾರುತ್ತಿದ್ದ. ಅದಕ್ಕೂ ಮೊದಲು ನನ್ನ ಅಂಗಡಿ ಪಕ್ಕ ಕುಳಿತು ಹಳೇ ಪೇಪರು ಉರಿಸಿ ಹಲಗೆ ಕಾಯಿಸುತ್ತಿದ್ದ. ಚರ್ಮ ಬಿಸಿಯಾಗದಿದ್ದರೆ ನಾದ ಬರುವುದಿಲ್ಲ. ಆದರೆ ಪೇಪರನ್ನು ಸುಮ್ಮನೆ ಸುಡುತ್ತಿರಲಿಲ್ಲ. ನಾಲ್ಕನೇ ಇಯತ್ತೆ ಕಲಿತ ನಾನು ಅಕ್ಷರ ಕೂಡಿಸಿ ಓದಬೇಕು, ಅವನು ಕೇಳಬೇಕು, ಆಮೇಲೆ ಬೆಂಕಿ. "ಸರ್ಕಾರ ಬಿಸಿ ಆತು, ಇನ್ನ ಹಲಗಿ ಬಿಸಿ ಆಗ್ಲಿ" ಎನ್ನುತ್ತಿದ್ದ.

ಅವನದೊಂದು ಪದ್ಧತಿ ಇತ್ತು. ಹಲಗೆ ಹೆಗಲಿನಲ್ಲಿದ್ದಾಗ ಬರುವುದು ಪಂಚಾಯತಿಯ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದು ಮುಗಿದ ಮೇಲೆ ಹಲಗೆ ಇಳಿಸಿ ನೆಲಕ್ಕಿಟ್ಟು, "ಇದು ಪಂಚಾಯ್ತಿದಲ್ಲ, ಹುಚ್ಚೀರಂದು" ಎಂದು ತನ್ನ ಅನಿಸಿಕೆ ಹೇಳುತ್ತಿದ್ದ. ಅವನಪ್ಪನೂ ಹೀಗೇ ಮಾಡುತ್ತಿದ್ದನಂತೆ. ಊರಿನಲ್ಲಿ ಗೊತ್ತಿಲ್ಲದವರೇ ಇರಲಿಲ್ಲ.

ಅವನ ಅನಿಸಿಕೆಗಳೆಲ್ಲ ಸರಿ ಇದ್ದವು ಅಂತ ನಾನು ಹೇಳುವುದಿಲ್ಲ. ಓಟು ಗುಟ್ಟಾಗಿ ಹಾಕುವುದು ಹೇಡಿತನ, ಎಲ್ಲರೆದುರು ಕೈ ಎತ್ತಬೇಕು ಎನ್ನುತ್ತಿದ್ದ. "ಎತ್ತಿದ ಕೈ ಮುರೀತಾರಲ್ಲೋ ಕಾಕಾ" ಅಂದರೆ ಹಲಗೆ ಎತ್ತಿಕೊಂಡು ಹೊರಡುತ್ತಿದ್ದ. ದೇವರು ಹಸಿವು ಮಾಡಿದ, ಮನುಷ್ಯ ಕಾನೂನು ಮಾಡಿದ, ಎರಡರಲ್ಲಿ ಯಾವುದು ಹಳೆಯದೋ ಅದಕ್ಕೇ ಮೊದಲ ಕುರ್ಚಿ ಎನ್ನುತ್ತಿದ್ದ. ಇದನ್ನು ಮಾತ್ರ ನಾನು ಒಪ್ಪುತ್ತಿದ್ದೆ.

ಒಮ್ಮೆ ನನ್ನ ಅಂಗಡಿ ಎದುರೇ ಹಲಗೆ ಇಳಿಸಿದ. "ಇದು ಹುಚ್ಚೀರಂದು. ಗಾಳೇಶನ ಅಂಗಡಿ ಹತ್ರ ಬಂದಾಗನ ಎಲ್ಲಾರ ಗಾಲಿಗೂ ಮೊಳಿ ಹೆಂಗ ಸಿಗತಾವ ಅನ್ನೂದು ವಿಚಾರ ಮಾಡೂ ಮಾತು."

ಜನ ನಕ್ಕರು. ನಾನು ನಟ್ಟು ಬಿಚ್ಚುವ ಪಾನಾ ಹಿಡಿದು ಮೈಮೇಲೆ ಹೋದೆ. ಅವನು ಅಲ್ಲಾಡಲಿಲ್ಲ.

"ನನ್ನ ಬಡದ್ರ ಏನು ಬಂತೋ? ನಿನ್ನ ಮಾತು ನೀ ಹೇಳು. ನಾ ಹಲಗಿ ಬಡದು ಮಂದಿ ಕೂಡಸ್ತೀನಿ."

ಬಡಿದೇ ಬಡಿದ. ನಾನು ನಿಂತು, ಮೊಳೆ ಲಾರಿಗಳಿಂದ ಉದುರಿದ್ದು, ನನ್ನದಲ್ಲ ಎಂದು ಊರಿಗೆ ಹೇಳಿದೆ. "ಕೇಳಿದ್ರೆಲ್ಲ? ಇದು ಗಾಳೇಶಂದು" ಅಂದ. ತನಗೆ ಎದುರಾಡುವವನಿಗೂ ಜನ ಕೂಡಿಸಿಕೊಡುವವನನ್ನು ನಾನು ಬೇರೆ ಕಂಡಿಲ್ಲ.

ನಾಲ್ಕು ವರ್ಷದ ಹಿಂದೆ ಪಂಚಾಯತಿಗೆ ಅಧ್ಯಕ್ಷೆಯಾಗಿದ್ದವರು ಹೇಮಾವತಿ. ಕುರ್ಚಿಯಲ್ಲಿ ಕೂರುತ್ತಿದ್ದವನು ಅವರ ಗಂಡ ಶರಣಬಸಪ್ಪ. ಮನೆ ಕರ ಕಟ್ಟದವರ ರೇಷನ್ ನಿಲ್ಲಿಸಲಾಗುವುದು ಎಂದು ಸಾರಲು ಅವನು ಹೇಳಿದ. ಹುಚ್ಚೀರಪ್ಪ ಹಾಗೆಯೇ ಸಾರಿದ. ಆಮೇಲೆ ಹಲಗೆ ನೆಲಕ್ಕಿಟ್ಟ.

"ಇದು ಹುಚ್ಚೀರಂದು. ಕರ ಮನಿದು, ಅಕ್ಕಿ ಹೊಟ್ಟಿದು. ಹಿಂಗ ರೇಷನ್ ನಿಲ್ಲಸೂ ಕಾನೂನು ಇರಾಕಿಲ್ಲ. ಅಂಜಬ್ಯಾಡ್ರಿ."

ಯಾರೋ ಮೊಬೈಲಿನಲ್ಲಿ ಹಿಡಿದರು. ಮುಖ ಬಂತು, ನೆಲದ ಮೇಲಿನ ಹಲಗೆ ಬರಲಿಲ್ಲ. "ಇದು ಹುಚ್ಚೀರಂದು" ಎಂಬ ಮೊದಲ ಮಾತೂ ಬರಲಿಲ್ಲ. ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಅದೇ. ಪಂಚಾಯತಿ ಹೆಸರಿನಲ್ಲಿ ಸುಳ್ಳು ಸಾರಿದ ಎಂದು ಶರಣಬಸಪ್ಪ ಠಾಣೆಗೆ ಬರೆದುಕೊಟ್ಟ. ಹುಚ್ಚೀರಪ್ಪನನ್ನು ಹಗಲೆಲ್ಲ ಅಲ್ಲಿ ಕೂರಿಸಿ, ಇನ್ನು ಊರ ಮುಂದೆ ಮಾತಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡರು. ಕೆಲಸ ಹೋಯಿತು. ಕೆಲಸ ಹೋದದ್ದಕ್ಕಿಂತ ಸುಳ್ಳುಗಾರ ಎಂಬ ಹೆಸರು ಬಂದದ್ದು ಅವನನ್ನು ತಿಂದಿತು. ಹೆಂಡತಿ ಹೊಳಿಯಮ್ಮ ಕೊಡ ಹಿಡಿದು ನಲ್ಲಿಗೆ ಹೋದರೆ, "ಏನಬೇ, ನಿನ್ನ ಗಂಡ ಇವತ್ತೇನು ಸುಳ್ಳು ಸಾರ್ಯಾನ?" ಎಂದು ಕೇಳುವವರು ಹುಟ್ಟಿಕೊಂಡರು.

ತಾಲೂಕಿನಿಂದ ಸಾಹೇಬರು ವಿಚಾರಣೆಗೆ ಬಂದರು. ಹಲಗೆ ನೆಲದ ಮೇಲಿತ್ತೆಂದು ನಾನೂ ಹೇಳಿದೆ, ಕಂಡವರೆಲ್ಲ ಹೇಳಿದರು. ಕರಕ್ಕೂ ರೇಷನ್‌ಗೂ ಸಂಬಂಧವಿಲ್ಲ ಎಂದು ಸಾಹೇಬರೇ ಅಂದರು. ಹುಚ್ಚೀರಪ್ಪನದು ತಪ್ಪಿಲ್ಲ ಎಂದು ಸಭೆ ಒಪ್ಪಿತು. ಜೀಪು ಹೋದ ಮೇಲೆ ಅವನು ಎದ್ದು ನಿಂತ.

"ಊರ ಮುಂದ ಸುಳ್ಳ ಅಂದೀರಿ. ತಪ್ಪಿಲ್ಲ ಅನ್ನೂದನ್ನೂ ಊರ ಮುಂದನ ಸಾರಸ್ರಿ."

"ಹಲಗಿ ನಿನ್ನ ಕಡೇನ ಐತಲ್ಲೋ," ಶರಣಬಸಪ್ಪ ನಕ್ಕ. "ನೀನ ಸಾರಿಬಿಡು."

"ನನ್ನ ಸುದ್ದಿ ನಾನ ಹಲಗಿ ಹೊತಗೊಂಡು ಸಾರಿದ್ರ ಯಾರು ನಂಬ್ತಾರ್ರಿ? ನೆಲಕ್ಕಿಟ್ಟು ಹೇಳಿದ್ರ ಬರೇ ನನ್ನ ಅನಿಸಿಕಿ ಆಕ್ಕೈತಿ. ಪಂಚಾಯ್ತಿ ಮಾತು ಪಂಚಾಯ್ತಿನ ಹೇಳಬೇಕ್ರಿ."

"ಆತು ಮಾರಾಯ. ಮೈಕಿನ ಗಾಡಿ ಬರೂದೈತಿ. ಮೊದಲನೇ ದಿನಾನ ಹಾಕಸ್ತೀನಿ, ಹೋಗು."

ಗಾಡಿ ಬಂತು. ಮೊದಲ ದಿನ ಹುಚ್ಚೀರಪ್ಪ ಒಗೆದ ಅಂಗಿ ಹಾಕಿಕೊಂಡು ನನ್ನ ಅಂಗಡಿ ಮುಂದೆ ನಿಂತ. ಪೂಜೆಯಾಯಿತು, ಹಾಡಾಯಿತು, ಹಸಿ ಕಸ, ಒಣ ಕಸ. ಗಾಡಿ ಓಣಿಯೆಲ್ಲ ಸುತ್ತಿ ಬರುವವರೆಗೂ ನಿಂತೇ ಇದ್ದ. "ನಾಳಿ ಇರಬೇಕು" ಅಂದ. ಎಷ್ಟೋ ನಾಳೆ ಹಾಗೇ ನಿಂತ. ಆಮೇಲೆ ನನ್ನಿಂದ ಪೇಪರು ಓದಿಸುವುದನ್ನೂ ಬಿಟ್ಟ. "ಅನಿಸಿಕಿ ಏನೂ ಇಲ್ಲೇನು ಕಾಕಾ?" ಎಂದು ಕೆಣಕಿದರೆ, "ಠಾಣ್ಯಾಗ ಬರಕೊಟ್ಟು ಬಂದೀನಲ್ಲೋ" ಎನ್ನುತ್ತಿದ್ದ.

ಹೋದ ಶ್ರಾವಣದಲ್ಲಿ ತೀರಿಕೊಂಡ. ಆ ಬೆಳಿಗ್ಗೆ ಮೈಕಿನಲ್ಲಿ ಮೊದಲ ಸಲ ಅವನ ಹೆಸರು ಬಂತು. ಹುಚ್ಚೀರಪ್ಪ ನಿಧನರಾಗಿದ್ದಾರೆ, ಮಣ್ಣು ಮಧ್ಯಾಹ್ನಕ್ಕೆ. ಹೆಣದ ಪಕ್ಕ ಕುಳಿತಿದ್ದ ಹೊಳಿಯಮ್ಮ ಹೆಸರು ಕೇಳಿ ಅಳು ನಿಲ್ಲಿಸಿದಳು. ಮುಂದೆ ಇನ್ನೇನಾದರೂ ಬರುತ್ತದೆಂದು ಕಿವಿಗೊಟ್ಟಳು. ಮೈಕು ಹಸಿ ಕಸಕ್ಕೆ ಹೋಯಿತು. ಅವಳು ಮತ್ತೆ ಅಳತೊಡಗಿದಳು.

ಮೊನ್ನೆ ಶರಣಬಸಪ್ಪನ ಬೈಕು ನನ್ನ ಅಂಗಡಿ ಹತ್ತಿರವೇ ಪಂಕ್ಚರಾಯಿತು. ಈಗ ಕುರ್ಚಿ ಬೇರೆಯವರದು, ಆದರೂ ಪಂಚಾಯತಿಯಲ್ಲಿ ನಡೆಯುವುದು ಅವನ ಮಾತೇ.

"ಲಗೂನ ಹಾಕಪಾ ಗಾಳೇಶ, ಬಿಸಲು ಭಾಳ ಐತಿ."

"ಹಾಕ್ತೀನ್ರಿ. ಹುಚ್ಚೀರಪ್ಪ ಕಾಕಾನ ಮಾತು ಮೈಕಿನ್ಯಾಗ ಯಾವಾಗ ಹಾಕಸ್ತೀರಿ?"

"ಸತ್ತಾವಗ ಅದನ್ನ ಕಟಗೊಂಡು ಏನಾಗೂದೈತೋ?"

"ಹೊಳಿಯಮ್ಮ ಇನ್ನೂ ನಲ್ಲಿಗೆ ಹೋಗ್ತಾಳ್ರಿ."

ಅವನು ಗಾಲಿ ಒತ್ತಿ ನೋಡಿದ. ನಾನು ಪಾನಾ ಮುಟ್ಟಲಿಲ್ಲ. ಒಂದೇ ಒಂದು ಮಾತು ಕೊಡುವುದು ಬೇಡವಾಗಿ ಆ ಬಿಸಿಲಲ್ಲಿ ಗಿಣಿಗೇರಾದ ಕಡೆಗೆ ಬೈಕು ತಳ್ಳಿಕೊಂಡು ಹೋದ. ಪಂಕ್ಚರ್ ಹಾಕಿಕೊಟ್ಟು ಕೈಮುಗಿದು ಕೇಳಿದ್ದರೆ ಕೊಡುತ್ತಿದ್ದನೇನೋ ಎಂದು ಆಮೇಲೆ ಅನ್ನಿಸಿತು. ಸಿಟ್ಟು ನನ್ನದು, ಅದರ ನಷ್ಟ ಹೊಳಿಯಮ್ಮನದು.

ಹಲಗೆ ಅವಳ ಮನೆಯ ಗೋಡೆಗೆ ತೂಗುತ್ತದೆ. ಮದುವೆ ಮೆರವಣಿಗೆಗೆಂದು ಯಾರೋ ಕೇಳಿದರೆ ಕೊಡಲಿಲ್ಲವಂತೆ.

"ಪಂಚಾಯ್ತಿಯಿಂದ ಒಂದು ಮಾತು ಬರೂದೈತಿ. ಬಂದ ದಿನ ಅದನ್ನ ಸಾರಾಕ ಬೇಕು" ಅಂದಳಂತೆ.