ಧರಣೇಂದ್ರಯ್ಯನವರ ಕಾರಿನ ಸ್ಪ್ರಿಂಗು

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ. ಸಾಗರದ ಒಂದು ಮೋಟಾರು ವರ್ಕ್‌ಶಾಪಿನಲ್ಲಿ ನಾನು ಹೆಡ್ ಮೆಕ್ಯಾನಿಕ್ ಆಗಿದ್ದೆ. ದೆವ್ವ, ಭೂತ ಎಂದು ಬಂದ ಡ್ರೈವರುಗಳಿಗೆ "ಮೊದಲು ಟಯರಿನ ಗಾಳಿ ನೋಡ್ಕೊಳ್ರಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವುದು ನನ್ನ ಸ್ವಭಾವ. ಈಗಲೂ ಅದನ್ನೇ ಹೇಳುತ್ತೇನೆ. ಆ ಒಂದು ಕಾರಿನ ಮಾತು ಬಂದಾಗ ಮಾತ್ರ ದನಿ ಸ್ವಲ್ಪ ತಗ್ಗುತ್ತದೆ.

ಕಾರು ಊರಿನ ಡಾಕ್ಟರಮ್ಮನದು. ಇಪ್ಪತ್ತರ ದಶಕದ ಮಾಡೆಲ್. ಎಂಜಿನ್ ಗಟ್ಟಿಯಾಗಿತ್ತು, ಸಸ್ಪೆನ್ಷನ್ ಮಾತ್ರ ಎತ್ತಿನಗಾಡಿಗೆ ಸಮ. ಸಸ್ಪೆನ್ಷನ್ ಎಂದರೆ ಚಕ್ರಕ್ಕೆ ಬಿದ್ದ ಪೆಟ್ಟು ಕೂತವರಿಗೆ ತಾಗದಂತೆ ತಡೆಯುವ ಏರ್ಪಾಡು. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು ಅದರ ಜೀವಾಳ. ಹೊಸನಗರದ ಕಡೆಯಿಂದ ಕಷ್ಟದಲ್ಲಿರುವ ಬಸುರಿಯರನ್ನು ಇದೇ ಕಾರಿನಲ್ಲಿ ಸಾಗರಕ್ಕೆ ತರಬೇಕಿತ್ತು. ಆ ಮಳೆಗಾಲದಲ್ಲಿ ಒಬ್ಬಾಕೆ ದಾರಿಯಲ್ಲೇ ತೀರಿಕೊಂಡಳು. ಮಾರನೆಯ ದಿನ ಡಾಕ್ಟರಮ್ಮ ವರ್ಕ್‌ಶಾಪಿಗೆ ಬಂದರು.

"ಮೇಸ್ತ್ರಿಗಳೇ, ಈ ಕುಲುಕಾಟಕ್ಕೆ ನನ್ನ ಹತ್ರ ಔಷಧಿ ಇಲ್ಲ. ನಿಮ್ಮ ಹತ್ರ ಇದ್ಯಾ?"

ಔಷಧಿ ಹೊಸನಗರದಲ್ಲಿತ್ತು. ಅಲ್ಲಿಯ ವ್ಯಾಪಾರಿ ಧರಣೇಂದ್ರಯ್ಯನವರ ಹೊಸ ಮಾಡೆಲ್ ಕಾರು ಹಿಂದಿನ ಬೇಸಿಗೆಯಲ್ಲಿ ಸಾಗರದ ರಸ್ತೆಯ ಬಿದಿರುಮೆಳೆ ತಿರುವಿನಲ್ಲಿ ಮರಕ್ಕೆ ಬಡಿದು ಮುಂಭಾಗ ನುಚ್ಚುನೂರಾಗಿತ್ತು. ಡ್ರೈವರ್ ಬದುಕಿದ. ಹಿಂದಿನ ಸೀಟಿನ ಎಡಗಡೆ ಕೂತಿದ್ದ ಭಾರಿ ಆಳು ಧರಣೇಂದ್ರಯ್ಯ ಮೈಮೇಲೆ ಒಂದು ಗೀರೂ ಇಲ್ಲದೆ, ಕೂತ ಹಾಗೆಯೇ ಹೋಗಿದ್ದರು. ಕಾರಿನ ಹಿಂಭಾಗ ಕೆಟ್ಟಿರಲಿಲ್ಲ. ಅದರ ಸ್ಪ್ರಿಂಗುಗಳು ಉದ್ದ, ಪಟ್ಟಿಗಳು ತೆಳು. ಜತೆಗೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್, ಅಂದರೆ ಕುಣಿಯುವ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವ ಉಪಕರಣ. ಅವರ ಹೆಂಡತಿ ಚಂದ್ರಮತಮ್ಮ, "ಹೆಣ್ಮಕ್ಕಳಿಗೆ ಉಪಯೋಗ ಆಗ್ತದೆ ಅಂದ್ರೆ ಬಿಚ್ಕೊಂಡು ಹೋಗಿ" ಎಂದರು.

ಡಾಕ್ಟರಮ್ಮನ ಕಾರಿನ ಚಾಸಿಗೆ, ಅಂದರೆ ಅಡಿಚೌಕಟ್ಟಿಗೆ, ಹೊಸ ಬ್ರಾಕೆಟ್ಟುಗಳನ್ನು ಮಾಡಿಸಿ ಎಲ್ಲವನ್ನೂ ಕೂರಿಸಿದೆ. ಡಾಕ್ಟರಮ್ಮನ ಡ್ರೈವರ್ ತಿಮ್ಮಪ್ಪನ ಜತೆ ಟ್ರಯಲ್‌ಗೆ ಹೊರಟಾಗ ಕಾರು ತೇಲಿದ ಹಾಗೆ ಹೋಯಿತು; ನನಗೋ ಹೆಮ್ಮೆ. ಬಿದಿರುಮೆಳೆ ತಿರುವಿನಲ್ಲಿ, ದಾರಿ ಕಾಯುವ ದೇವತೆ ಎಂದು ನಂಬುವ ಚೌಡಿಯ ಒಂದು ಕಲ್ಲಿದೆ. ಅಲ್ಲಿ ಗಾಡಿ ನಿಲ್ಲಿಸಿ ಕಲ್ಲಿಗೆ ಹಸಿರು ಸೊಪ್ಪಿಟ್ಟು ಹೋಗುವುದು ಡ್ರೈವರುಗಳ ವಾಡಿಕೆ. ತಿಮ್ಮಪ್ಪ ಸೊಪ್ಪಿಟ್ಟು ತಿರುಗಿದವನು ಅಲ್ಲೇ ನಿಂತುಬಿಟ್ಟ.

ನಾನೂ ಇಳಿದು ನೋಡಿದೆ. ಖಾಲಿ ಕಾರು ಹಿಂದೆ ಎಡಕ್ಕೆ ವಾಲಿತ್ತು, ಯಾರೋ ದಪ್ಪ ಮನುಷ್ಯ ಕೂತ ಹಾಗೆ. ಹೊರಡುವಾಗ ಸಮವಾಗಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಬಿದಿರು ಕೀರ್ ಎನ್ನುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ.

"ಅಯ್ಯೋರು ಹತ್ತಿದ್ರು, ಮಾರಾಯ್ರೆ," ಎಂದ ತಿಮ್ಮಪ್ಪ.

"ನಿನ್ನ ತಲೆ! ಸ್ಪ್ರಿಂಗು ಕೂತಿದೆ."

ಉಕ್ಕಿಗೂ ಆಯಾಸವಾಗುತ್ತದೆ. ಭಾರಿ ಆಳು ಒಂದೇ ಕಡೆ ಕೂತು ಓಡಾಡಿದರೆ ಆ ಕಡೆಯ ಸ್ಪ್ರಿಂಗಿನ ಕಸುವು ಹೋಗುತ್ತದೆ. ನೆಲದ ಮೇಲೆ ಅಳೆದಾಗ ಗೊತ್ತಾಗದು, ಗಾಡಿ ಓಡಿದ ಮೇಲೆ ತಗ್ಗುತ್ತದೆ. ಇದನ್ನು ಪರೀಕ್ಷಿಸುವ ದಾರಿ ಸುಲಭ: ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಬೇಕು. ವಾಲುವುದೂ ಬಲಕ್ಕೆ ಬಂದರೆ ತಪ್ಪು ಸ್ಪ್ರಿಂಗಿನದು. ಎಡದಲ್ಲೇ ಉಳಿದರೆ ತಪ್ಪು ಬೇರೆಲ್ಲೋ ಇದೆ. ಹಾಗೇ ಮಾಡಿದೆ. ಕಾರು ಬಲಕ್ಕೆ ವಾಲಿತು. ನಾನು ಗೆದ್ದವನಂತೆ ನೋಡಿದರೆ ತಿಮ್ಮಪ್ಪ, "ಆ ಕಡೆ ಸರ್ಕೊಂಡ್ರು, ಅಷ್ಟೆ" ಎಂದು ಕೀಲಿ ನನ್ನ ಕೈಗಿಟ್ಟು ಹೋದ. ಬಾಯಿಂದ ಬಾಯಿಗೆ ಸುದ್ದಿ ಹೊಸನಗರ ಮುಟ್ಟಿತು.

ಸ್ಪ್ರಿಂಗನ್ನು ಕಮ್ಮಾರಸಾಲೆಗೆ ಒಯ್ಯುವ ಮೊದಲೇ, ಬೆಳಗಿನ ಬಸ್ಸಿಗೆ ಚಂದ್ರಮತಮ್ಮನ ಮನೆಯ ಆಳು ಓಡಿಬಂದ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ವಿಮಲೆಗೆ ದಿನ ತುಂಬುವ ಮೊದಲೇ ರಕ್ತಸ್ರಾವ. ತಿಮ್ಮಪ್ಪ ಒಲ್ಲೆ ಎಂದ. ಡಾಕ್ಟರಮ್ಮನನ್ನು ಕೂರಿಸಿಕೊಂಡು ನಾನೇ ಹೊರಟೆ.

ಡಾಕ್ಟರಮ್ಮ ಒಳಗೆ ವಿಮಲೆಯನ್ನು ನೋಡುತ್ತಿದ್ದಾಗ ಅಂಗಳದಲ್ಲಿ ನೆಂಟರು ಕಾರಿಗೆ ಅಡ್ಡ ನಿಂತರು. ಸತ್ತವರು ಕೂತ ಗಾಡಿಯಲ್ಲಿ ಬಸುರಿಯನ್ನು ಕಳಿಸುವುದೆಂದರೇನು? ಡಾಕ್ಟರಮ್ಮ ಹೊರಗೆ ಬಂದು, "ಇನ್ನು ತಡ ಮಾಡಿದ್ರೆ ತಾಯಿನೂ ಇಲ್ಲ, ಮಗೂನೂ ಇಲ್ಲ" ಎಂದರು. ಯಾರೂ ಜಗ್ಗಲಿಲ್ಲ. ಆಗ ಚಂದ್ರಮತಮ್ಮ ನನ್ನನ್ನೇ ಕೇಳಿದರು.

"ಯಾವ ಕಡೆ ವಾಲ್ತದೆ?"

"ಮೊದಲು ಎಡಕ್ಕಿತ್ತಮ್ಮ. ಈಗ ಬಲಕ್ಕೆ."

ಅವರು ಬಂದು ಕಾರಿನ ಹಿಂದಿನ ಬಾಗಿಲು ತೆರೆದರು. "ಎಡಗಡೆ ಅವರ ಜಾಗ. ಯಾರಿಗೂ ಬಿಟ್ಕೊಡ್ತಿರ್ಲಿಲ್ಲ. ಮಗಳು ಹತ್ತಿದ್ರೆ ಮಾತ್ರ ಬಲಕ್ಕೆ ಸರೀತಿದ್ರು. ಎತ್ರೋ ಅವಳನ್ನ!"

ನನಗೂ ಹೆದರಿಕೆಯಾಯಿತು. ಸುಳ್ಳು ಹೇಳಿ ಪ್ರಯೋಜನವಿಲ್ಲ.

ವಿಮಲೆಯನ್ನು ಎಡಗಡೆ ಒರಗಿಸಿದರು. ಚಂದ್ರಮತಮ್ಮ ನಡುವೆ ಕೂತು ಬಲಗಡೆ ಒಬ್ಬರ ಜಾಗ ಬಿಟ್ಟರು. ಡಾಕ್ಟರಮ್ಮ ಮುಂದೆ ನನ್ನ ಪಕ್ಕ ಕೂತರು. ಹಾಗೆ ಕೂತಾಗ ಕಾರು ಸಮವಾಯಿತು. ಮಂಜು ದಟ್ಟವಾಗಿತ್ತು. ತಿರುವಿನಲ್ಲಿ ಕಾರು ನಿಲ್ಲಿಸಿ, ಜೀವನದಲ್ಲಿ ಮೊದಲ ಸಲ, ಚೌಡಿಗೆ ಸೊಪ್ಪಿಟ್ಟೆ. ಹೆದರಿಯೇ ಇಟ್ಟೆ. ಅಲ್ಲಿಂದ ಮುಂದೆ ಹೊಂಡಗಳೆಲ್ಲ ಎಲ್ಲಿ ಹೋದವೋ ಕಾಣೆ. ಕನ್ನಡಿಯಲ್ಲಿ ನೋಡಿದರೆ ವಿಮಲೆ ನಿದ್ದೆಹೋಗಿದ್ದಳು. ತಾಯಿ ಬಲಕ್ಕೆ ತಿರುಗಿ, ಖಾಲಿ ಜಾಗದ ಕಡೆ ನೋಡಿಕೊಂಡು ಮೆಲ್ಲಗೆ ಏನೋ ಹೇಳುತ್ತಿದ್ದರು. ನಾನು ಮತ್ತೆ ಕನ್ನಡಿ ನೋಡಲಿಲ್ಲ.

ತಾಯಿ, ಮಗು ಇಬ್ಬರೂ ಉಳಿದರು. ಆಮೇಲೆ ಸ್ಪ್ರಿಂಗನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಎಣ್ಣೆಯಲ್ಲಿ ಅದ್ದಿ ಕಸುವು ಬರಿಸಿದೆವು. ಕಾರು ತೂಗಿ ನಿಲ್ಲಿಸಿದ ಹಾಗೆ ಸಮವಾಯಿತು. ಬಾಣಂತಿಯನ್ನು ಮನೆಗೆ ಬಿಡಲು ನಾನೇ ಹೋದೆ. ಅದು ನನ್ನ ಆಸೆ. ವಾಲುವ ವಿಷಯವನ್ನು ವಿಮಲೆಗೆ ಯಾರೂ ಹೇಳಿರಲಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಎಡಗಡೆ ಕೂತಳು, ತಾಯಿ ಮೊದಲಿನಂತೆ ನಡುವೆ ಕೂತರು. ತಿರುವು ದಾಟಿದ ಮೇಲೆ ವಿಮಲೆ ಸುಮ್ಮನೆ ಸುತ್ತ ನೋಡಿದಳು.

"ಅಮ್ಮಾ, ಗಾಡಿ ಯಾಕೋ ಖಾಲಿ ಅನ್ನಿಸ್ತದಲ್ಲ?"

ಸ್ವಲ್ಪ ದೂರ ಹೋದ ಮೇಲೆ ಚಂದ್ರಮತಮ್ಮ ಸೆರಗು ಸರಿಮಾಡಿಕೊಂಡು ಬಲಗಡೆಯ ಖಾಲಿ ಜಾಗಕ್ಕೆ ಸರಿದು ಕೂತರು.

ಹಳೆಯ ಪಾರ್ಟು ಕೂರಿಸುವಾಗ ಅಳತೆ ತೆಗೆದರೆ ಸಾಲದು, ಅದು ಯಾರ ಭಾರ ಹೊತ್ತಿತ್ತು ಎಂದೂ ವಿಚಾರಿಸಿಕೊಳ್ಳಬೇಕು. ವೃತ್ತಿ ನನಗೆ ಕಲಿಸಿದ್ದು ಇದು. ಸ್ಪ್ರಿಂಗು ಸರಿಮಾಡಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ಅದನ್ನು ಸರಿಮಾಡಬಾರದಿತ್ತು ಎಂದು ಆ ದಿನ ನನಗೆ ಅಳು ಬಂತು.