ಉಡಿಗೆ ಬಿದ್ದ ರೂಪಾಯಿ

ನಮ್ಮ ಮಾವನವರ ಬಲಗಣ್ಣಿನ ಸುತ್ತ ಯಾವಾಗಲೂ ಒಂದು ಕೆಂಪು ಬಳೆ ಇರುತ್ತಿತ್ತು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಮುಚ್ಚಳದಂಥ ಭೂತಗನ್ನಡಿ ಇದೆಯಲ್ಲ, ಪೂಜೆ ಮುಗಿಸಿ ಅದನ್ನು ಏರಿಸಿದರೆಂದರೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಇಳಿಸುವುದು. ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ಈ ಕೆಂಪು ಗುರುತು. ಚನ್ನಗಿರಿ ಪೇಟೆಯ ನಮ್ಮ ಬಟ್ಟೆ ಅಂಗಡಿಗೆ ಹೊಸ ಗಿರಾಕಿ ಯಾರಾದರೂ ಬಂದು, "ಯಜಮಾನ್ರೆ, ಕಣ್ಣಿಗೆ ಏನಾತ್ರೀ?" ಎಂದರೆ, ಗಲ್ಲಾದ ಹಿಂದಿನಿಂದ ನಗದೆ ಹೇಳುತ್ತಿದ್ದರು: "ಬಾದಶಹ ಹೊಡ್ದಾನ್ರಿ."

ಅವರ ಹುಚ್ಚು ಪಾರಸಿ ಅಕ್ಷರದ ಬೆಳ್ಳಿ ರೂಪಾಯಿಗಳು. ಕಂಪನಿ ಸರ್ಕಾರದವರು ಮದರಾಸಿನಲ್ಲಿ ಅಚ್ಚು ಹಾಕಿಸಿದ್ದು, ಆದರೆ ಮೇಲೆ ಒಂದೇ ಒಂದು ಇಂಗ್ಲಿಷ್ ಅಕ್ಷರ ಇಲ್ಲ. ಇರುವುದು ದಿಲ್ಲಿಯ ಬಾದಶಹನ ಹೆಸರು. ಆ ಬಾದಶಹ ತೀರಿಕೊಂಡು ಎಷ್ಟೋ ವರ್ಷದ ಮೇಲೂ ಅದೇ ಹೆಸರು! ಕಾನ್ವೆಂಟ್‌ನ ಹಿಸ್ಟರಿ ಕ್ಲಾಸಿನಲ್ಲಿ ಸಿಸ್ಟರ್ ನಮಗೆ ಇದನ್ನು ಹೇಳಿಕೊಟ್ಟಿರಲಿಲ್ಲ. "ಜನ ಹೊಸ ಹೆಸರು ನಂಬಲ್ಲ ಅಂತ ಸತ್ತೋನ ಹೆಸರಿನಾಗೇ ಅಂಗಡಿ ನಡೆಸ್ಯಾರೆ ನೋಡು ತಾಯಿ," ಎನ್ನುತ್ತಿದ್ದರು ಮಾವ, ತಾವೂ ವ್ಯಾಪಾರಸ್ಥರಾದ್ದರಿಂದ ತುಸು ಮೆಚ್ಚುಗೆಯಿಂದಲೇ.

ಊರಿನ ಉರ್ದು ಶಾಲೆಯ ಮೇಷ್ಟ್ರ ಹತ್ತಿರ ಆ ಅಕ್ಷರ ಕಲಿತಿದ್ದರು. ಆದರೆ ಒಂದು ಕೊರತೆ. ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಚಿಕ್ಕದು, ಹೀಗಾಗಿ ಪ್ರತಿ ನಾಣ್ಯದಲ್ಲೂ ಬರಹದ ಒಂದಷ್ಟು ಭಾಗ ಅಂಚಿನಾಚೆ ಹೋಗಿರುತ್ತದೆ. ಒಂದರಲ್ಲಿ ಬಾಲ ಇಲ್ಲ, ಇನ್ನೊಂದರಲ್ಲಿ ತಲೆ ಇಲ್ಲ. ಮೇಲಿನ ಸಾಲು ಪೂರ್ತಿ ಇರುವ ಒಂದೇ ಒಂದು ರೂಪಾಯಿ ಸಿಕ್ಕಿದರೆ ಸಾಕು ಎಂಬುದು ಅವರ ಆಸೆ. ಫುಲ್ ಸೆಂಟೆನ್ಸ್ ಬೇಕು ಅವರಿಗೆ.

ಹಳೇ ರೂಪಾಯಿಗಳು ಇರುತ್ತಿದ್ದುದು ಮನೆಮನೆಯ ದೇವರ ಜಗಲಿಯ ಮೇಲೆ, ಲಕ್ಷ್ಮಿಯಾಗಿ. ಲಕ್ಷ್ಮಿಯನ್ನು ಮಾರುವುದುಂಟೆ? ಏನು ಕೊಡುತ್ತೇನೆಂದರೂ ಯಾರೂ ಕೊಡುತ್ತಿರಲಿಲ್ಲ. ಅವಳು ಮನೆಯಿಂದ ಹೊರಗೆ ಬರುವುದಕ್ಕೆ ಒಂದೇ ದಾರಿ: ಮುತ್ತೈದೆಯ ಉಡಿ. ಮನೆಗೆ ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಬಸದ ಕಣದ ಜೊತೆಗೆ ಒಂದು ನಾಣ್ಯ ಹಾಕುತ್ತಾರೆ, ಮನಸ್ಸು ತುಂಬಿ ಬಂದರೆ ಜಗಲಿಯ ಮೇಲಿನದನ್ನೇ.

ಮೊದಮೊದಲು ಮಾವ ನಮ್ಮ ಅತ್ತೆಯವರನ್ನೇ ಕರೆದುಕೊಂಡು ತಿರುಗಿದ್ದರಂತೆ. ಉಡಿಗೆ ಬಿದ್ದ ಪಾರಸಿ ರೂಪಾಯಿಗಳನ್ನೆಲ್ಲ ಅತ್ತೆ ಜೋಪಾನವಾಗಿ ಗಂಟು ಕಟ್ಟಿಟ್ಟು, ಒಂದು ದಿನ ಅಕ್ಕಸಾಲಿಗರಿಗೆ ಕೊಟ್ಟು ಕರಗಿಸಿ, ಚೆಂದದ ಕುಂಕುಮ ಭರಣಿ ಮಾಡಿಸಿಕೊಂಡರು! ಮಾವ ಎರಡು ಹೊತ್ತು ಊಟ ಬಿಟ್ಟರಂತೆ. "ನನ್ನ ಉಡಿಗೆ ಬಿದ್ದಿದ್ದು ನಂದು. ಅದರಾಗೆ ಇವ್ರದೇನೈತೆ?" ಎಂದು ಅತ್ತೆ ನನ್ನನ್ನೇ ಕೇಳಿದ್ದರು. ನ್ಯಾಯವೇ. "ಸವತಿ ಇದ್ದಿದ್ರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತವ್ವ. ಈ ಬಿಲ್ಲೆಗಳಿಗೆ ಜುಟ್ಟು ಎಲ್ಲೈತೆ?"

ಎಪ್ಪತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದಾಗ ಮಾವನವರ ಕೆಂಪು ಬಳೆಯ ಕಣ್ಣು ಯಾಕೆ ಅಷ್ಟು ಹೊಳೆಯಿತೆಂದು ನನಗೆ ಅರ್ಥವಾಗಿರಲಿಲ್ಲ. ನಾನೋ, ತಾಯಿ ಇಲ್ಲದೆ ಶಿವಮೊಗ್ಗದ ಬೋರ್ಡಿಂಗ್‌ನಲ್ಲಿ ಬೆಳೆದವಳು. ಫೋರ್ಕ್ ಹಿಡಿಯುವ ಮ್ಯಾನರ್ಸ್ ಗೊತ್ತು, ಉಡಿ ಹಿಡಿಯುವುದು ಗೊತ್ತಿಲ್ಲ. ಹೊನ್ನಾಳಿಯ ಒಂದು ಮನೆಯಲ್ಲಿ ಮೊದಲ ಸಲ ಮೊರ ತಂದು ಎದುರು ನಿಂತರು. ನಾನು ನಗುನಗುತ್ತಾ "ಥ್ಯಾಂಕ್ ಯೂ" ಎಂದು ನನ್ನ ವ್ಯಾನಿಟಿ ಬ್ಯಾಗಿನ ಜಿಪ್ ತೆಗೆದು ಮುಂದೆ ಹಿಡಿದೆ.

"ಅಯ್ಯೋ ಇವಳ! ಬ್ಯಾಗಿನಾಗೆ ಉಡಿ ತುಂಬ್ತಾರೇನವ್ವ?" ಎಂದು ಮನೆಯಾಕೆ ನಕ್ಕರೆ, ಒಳಗಿನಿಂದ ಮತ್ಯಾರೋ, "ತುಂಬ್ರೀ, ಅದಕ್ಕೂ ಕುಂಕುಮ ಹಚ್ಚಿ ತುಂಬ್ರೀ!" ಎಂದರು. ಆಮೇಲೆ ಆಕೆಯೇ ನನ್ನ ಸೆರಗು ಬಿಡಿಸಿ, ಎರಡೂ ಕೈಯಲ್ಲಿ ಹೇಗೆ ಹಿಡಿಯಬೇಕೆಂದು ತೋರಿಸಿದರು. ಪಡಸಾಲೆಯಲ್ಲಿ ಕೂತಿದ್ದ ಮಾವ ಗೋಡೆಯ ಕಡೆ ತಿರುಗಿಕೊಂಡಿದ್ದರು. ನಗುವನ್ನು ನನಗೆ ತೋರಿಸಬಾರದೆಂದು.

ವಾಪಸ್ ಬಸ್ಸಿನಲ್ಲಿ ಮೆಲ್ಲಗೆ ಕೇಳಿದರು: "ತಾಯಿ, ಉಡಿಗೆ ಬಿದ್ದಿದ್ದು ನಿಂದು. ನೋಡಾಕೆ ನನಗೆ ಪರ್ಮಿಷನ್ ಐತೇನು?" ಆಮೇಲೆ ಎಷ್ಟೋ ವರ್ಷ ಹೀಗೇ ತಿರುಗಿದೆವು. ಪ್ರತಿ ಸಲವೂ ಪರ್ಮಿಷನ್ ಕೇಳಿದರು. ನಾಣ್ಯಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು. ಯಾರಾದರೂ ಬಂದರೆ "ನಮ್ಮ ಸೊಸೆ ಕಲೆಕ್ಷನ್" ಎಂದೇ ತೋರಿಸುವುದು. ಮುಚ್ಚಳ ತೆಗೆಯುವ ಮುಂಚೆ ನನ್ನ ಮುಖ ನೋಡುವುದು.

ನ್ಯಾಮತಿಯಲ್ಲಿ ದೀಪಾವಳಿಗೆ ಮುಂಚೆ ಮನೆಮನೆಗೆ ಹೋಗಿ ಬೇಡಿಕೊಳ್ಳುತ್ತಿದ್ದರು: "ಹುಣಸೆಹಣ್ಣು ಹಚ್ಚಿ ತಿಕ್ಕಬೇಡ್ರಮ್ಮ, ಅಕ್ಷರ ಸವೀತಾವೆ." ಒಬ್ಬಾಕೆ ಸೊಂಟಕ್ಕೆ ಕೈ ಇಟ್ಟುಕೊಂಡು ಕೇಳಿದ್ದರು: "ಕರ್ರಗೆ ಆಗೈತಲ್ರೀ ಲಕ್ಷ್ಮಿ. ಹಂಗೇ ಹೆಂಗೆ ಪೂಜೆಗೆ ಇಡಾದು?"

"ಕರ್ರಗಿದ್ರೆ ಏನಾತು? ನಾನಿಲ್ವಾ?" ಎಂದರು ಮಾವ. ಆಕೆ ನಕ್ಕು ಚಹಾ ಕೊಟ್ಟರು. ಹಬ್ಬಕ್ಕೆ ಮಾತ್ರ ತಿಕ್ಕಿಯೇ ತಿಕ್ಕಿದರು.

ಮೇಲಿನ ಸಾಲು ಪೂರ್ತಿ ಇದ್ದ ರೂಪಾಯಿ ಕಡೆಗೂ ಕಂಡದ್ದು ಜಗಳೂರಿನಲ್ಲಿ, ಒಬ್ಬ ಅಜ್ಜಿಯ ಮನೆಯ ಜಗಲಿಯ ಮೇಲೆ. ಆ ಅಜ್ಜಿ ಯಾವ ಹಬ್ಬಕ್ಕೂ ಅದನ್ನು ತಿಕ್ಕಿದವರಲ್ಲ, ಮೆತ್ತಗಿನ ಬಟ್ಟೆಯಿಂದ ಒರೆಸುವುದಷ್ಟೆ. ಮುಟ್ಟುವುದಕ್ಕೆ ಬಿಡಲಿಲ್ಲ. ಮಾವ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಜಗಲಿಗೆ ಬಾಗಿ ನಿಂತುಬಿಟ್ಟರು.

"ಏನಪ್ಪ, ಡಾಕ್ಟ್ರಂಗೆ ನೋಡ್ತೀಯ? ನಮ್ಮ ಲಕ್ಷ್ಮಿಗೆ ಜ್ವರ ಬಂದೈತಾ?" ಎಂದರು ಅಜ್ಜಿ.

"ನನಗೆ ಬಂದೈತಜ್ಜಿ," ಎಂದರು ಮಾವ.

ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆಯಾದರೂ ದಾವಣಗೆರೆಯಲ್ಲಿ ಬಸ್ ಬದಲಿಸಿ ಜಗಳೂರಿಗೆ ಹೋಗುತ್ತಿದ್ದೆವು. ಅಜ್ಜಿ ನನ್ನನ್ನು ಕೂರಿಸಿ ತಲೆ ಬಾಚಿ, ಹೂ ಮುಡಿಸಿ, ಉಡಿ ತುಂಬುವರು, ಚಲಾವಣೆಯ ಎಂಟಾಣೆ ಹಾಕಿ. ಮಾವನವರ ಮುಖ ಒಂದು ಗಳಿಗೆ ಸಪ್ಪಗಾಗಿ ಮತ್ತೆ ಸರಿಹೋಗುವುದು. "ಇರ್ಲಿ ಬಿಡು ತಾಯಿ. ನೋಡಾಕೆ ಸಿಗ್ತಲ್ಲ," ಎನ್ನುವರು. ಆ ರೂಪಾಯಿ ಕೊಡಿರೆಂದು ಒಂದು ಸಲವೂ ನನ್ನ ಬಾಯಿಂದ ಅಜ್ಜಿಯನ್ನು ಕೇಳಿಸಲಿಲ್ಲ. ಕೇಳಿ ಪಡೆದದ್ದು ಉಡಿ ಅಲ್ಲ ಎಂಬುದು ಅವರ ಪ್ರಿನ್ಸಿಪಲ್.

ಎಂಬತ್ತರ ದಶಕದ ಮೊದಲಲ್ಲಿ, ಬಹಳ ಕಾಯಿಸಿ, ನಾನು ಬಸುರಿಯಾದೆ. ಆ ವರ್ಷ ಮಾವ ಬಸ್ಸು ಬೇಡವೆಂದು ಬಾಡಿಗೆ ಕಾರು ಮಾಡಿಸಿದರು. ಅಜ್ಜಿ ನನ್ನನ್ನು ಮಣೆಯ ಮೇಲೆ ಕೂರಿಸಿ, ಜಗಲಿಯಿಂದ ಆ ರೂಪಾಯಿಯನ್ನು ತೆಗೆದು, ಕಣ್ಣಿಗೊತ್ತಿಕೊಂಡು, ನನ್ನ ಉಡಿಯ ಅಕ್ಕಿಯ ಮೇಲೆ ಇಟ್ಟರು. ಬಾಗಿಲಲ್ಲಿ ನಿಂತಿದ್ದ ಮಾವ ಚೌಕಟ್ಟು ಹಿಡಿದುಕೊಂಡರು. ಅಜ್ಜಿ ಅವರ ಕಡೆ ತಿರುಗಿ ಹೇಳಿದರು: "ನಿನ್ನ ಡಬ್ಬಿಗಲ್ಲಪ್ಪ. ಹುಟ್ಟೋ ಕೂಸಿನ ಕೊರಳಿಗೆ. ಕೊಂಡಿ ಹಾಕಿಸಬೇಕು."

ಕೊಂಡಿ ಬೆಸೆದರೆ ಬೆಂಕಿ ತಾಕುತ್ತದೆ, ಅಂಚು ಕೆಡುತ್ತದೆ. ಕೊಂಡಿ ಬಿದ್ದ ನಾಣ್ಯವನ್ನು ಕಲೆಕ್ಷನ್ ಮಾಡುವವರು ಯಾರೂ ಮೂಸಿ ನೋಡುವುದಿಲ್ಲ. ಕಾರಿನಲ್ಲಿ ಮಾವ ಎಂದಿನಂತೆ ಪರ್ಮಿಷನ್ ಕೇಳಿ, ಭೂತಗನ್ನಡಿ ಏರಿಸಿ, ಬಲದಿಂದ ಎಡಕ್ಕೆ ಇಡೀ ಸಾಲನ್ನು ನಿಲ್ಲಿಸದೆ ಗಟ್ಟಿಯಾಗಿ ಓದಿದರು. ಮೊದಲ ಸಲ. ಆಮೇಲೆ ಅದನ್ನು ನನ್ನ ಅಂಗೈಗೇ ವಾಪಸ್ ಇಟ್ಟರು.

ಮನೆಯಲ್ಲಿ ನನ್ನ ಗಂಡ ಸುಲಭದ ದಾರಿ ಹೇಳಿದರು: "ಅಪ್ಪಾ, ಬೇರೆ ರೂಪಾಯಿಗೆ ಕೊಂಡಿ ಹಾಕಿಸಿದ್ರಾತು. ಜಗಳೂರಿನ ಅಜ್ಜಿಗೆ ಏನು ಗೊತ್ತಾಗ್ತೈತೆ?"

"ನನ್ನ ಕೇಳಬೇಡ. ಉಡಿ ಆಕೀದು," ಎಂದು ಮಾವ ನನ್ನ ಕಡೆ ನೋಡಿದರು.

ಅಷ್ಟು ವರ್ಷದ ಅವರ ಆಸೆ ನನಗೆ ಗೊತ್ತಿರಲಿಲ್ಲವೇ? "ಡಬ್ಬಿಯಲ್ಲೇ ಇರಲಿ ಮಾವ," ಎಂದೆ, ಮನಸಾರೆ. ಎಂದವಳು ಯಾಕೋ ನಾಣ್ಯವನ್ನು ಅಂಗೈಯಿಂದ ಬಿಟ್ಟಿರಲಿಲ್ಲ. ಮಗುವಿನ ಕೊರಳಿಗೆ ಏನಾದರೂ ಬರಬೇಕಾದದ್ದು ತಾಯಿಯ ಕಡೆಯಿಂದ. ನನ್ನ ಕಡೆಯಿಂದ ಬಂದದ್ದು ಇದೊಂದೇ.

ಮಾವ ನನ್ನ ಮುಚ್ಚಿದ ಮುಷ್ಟಿಯನ್ನೇ ನೋಡುತ್ತಿದ್ದರು. "ಬಾಯಿ ಒಂದು ಹೇಳ್ತೈತೆ, ಕೈ ಒಂದು ಹೇಳ್ತೈತೆ," ಎಂದು ನಕ್ಕು, ಚಪ್ಪಲಿ ಮೆಟ್ಟಿಕೊಂಡರು. "ಕೊಡು ತಾಯಿ. ನಾನೇ ಹೋಗ್ತೀನಿ ಅಕ್ಕಸಾಲಿಗರ ಹತ್ರ. ಇನ್ಯಾರಾದ್ರೂ ಹೋದ್ರೆ ಸಾಲಿನ ಮೇಲೇ ಕೊಂಡಿ ಕೂರಿಸಿಬಿಡ್ತಾರೆ."

ಕೊಂಡಿಯನ್ನು ಅವರು ಬರಹದ ಕೆಳಗಿನ ಅಂಚಿಗೆ ಹಾಕಿಸಿಕೊಂಡು ಬಂದರು. ದಾರ ಪೋಣಿಸಿ ಎತ್ತಿ ಹಿಡಿದರೆ ಬಾದಶಹನ ಹೆಸರು ತಲೆಕೆಳಗು! ಅತ್ತೆ ಹಣೆ ಚಚ್ಚಿಕೊಂಡು, "ಇಷ್ಟು ವರ್ಷ ಓದಿ ಓದಿ, ಯಾವ ಕಡೆ ಮೇಲು ಅಂತ್ಲೇ ಗೊತ್ತಾಗಲಿಲ್ವಾ?" ಎಂದರು.

"ನಿನಗೆ ತಲೆಕೆಳಗು ಕಣೆ," ಎಂದರು ಮಾವ. "ಕೂಸು ಬಗ್ಗಿ ತನ್ನ ಎದೆ ನೋಡಿಕೊಂಡ್ರೆ ನೆಟ್ಟಗೇ ಕಾಣ್ತೈತೆ."

ಮಗಳು ಹುಟ್ಟಿದಳು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎದೆಯ ಮೇಲಿನ ನಾಣ್ಯವನ್ನು ಓದುವಾಗ ಮಾವ ಅವಳ ಬೆನ್ನ ಕಡೆಯಿಂದ ಬಗ್ಗಿ ಓದುತ್ತಿದ್ದರು. ಅದೊಂದಕ್ಕೆ ಮಾತ್ರ ಭೂತಗನ್ನಡಿ ಬೇಕಿರಲಿಲ್ಲ, ಬಾಯಿಪಾಠವಾಗಿತ್ತು. ಕಲೆಕ್ಷನ್ ಅಪೂರ್ಣವಾಗೇ ಉಳಿಯಿತು. ಅದರ ಬಗ್ಗೆ ಅವರು ಕೊರಗಿದ್ದು ನಾನು ಕಾಣೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಪೂಜೆಗೆ ಕೂತವರು ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟರು. ನೋವು ತಿನ್ನಲಿಲ್ಲ, ತಿನ್ನಿಸಲಿಲ್ಲ. ಸುದ್ದಿ ತಿಳಿದು ಹೊನ್ನಾಳಿಯಿಂದ, ನ್ಯಾಮತಿಯಿಂದ ಹೆಂಗಸರು ರೊಟ್ಟಿಬುತ್ತಿ ಕಟ್ಟಿಕೊಂಡು ಬಂದರು. ಸಾವಿನ ಮನೆಗೆ ಬುತ್ತಿ ತರುವುದು ಬೀಗರು, ಬಳಗದವರು. ನಮ್ಮ ನೆಂಟರು "ಇವರೆಲ್ಲ ಯಾರು?" ಎಂದು ಪಿಸುಗುಟ್ಟುತ್ತಿದ್ದರು. ಕೊನೆಗೆ ಜಗಳೂರಿನ ಅಜ್ಜಿ ಮೊಮ್ಮಗನ ಹೆಗಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ಅತ್ತೆಯ ಕೈ ಹಿಡಿದು ಅತ್ತು, ನಡುಮನೆಯಲ್ಲಿ ಕೂತು, ತಮ್ಮ ಗಂಟು ಬಿಚ್ಚಿದರು.

"ನೀವು ಯಾರ ಕಡೆಯೋರಮ್ಮ?" ಎಂದು ನೆಂಟರೊಬ್ಬರು ಕೇಳಿಯೇಬಿಟ್ಟರು.

ಅಜ್ಜಿ ತಲೆ ಎತ್ತಲಿಲ್ಲ. ರೊಟ್ಟಿ ಮುರಿದು, ಮೊಸರಿನಲ್ಲಿ ನೆನೆಸುತ್ತಾ ಹೇಳಿದರು: "ಸೊಸೆ ತಾಯಿ ಮನೆಯೋರು." ಆಮೇಲೆ ನನ್ನನ್ನು ಹತ್ತಿರ ಕರೆದು ಮೊದಲ ತುತ್ತು ಬಾಯಿಗಿಟ್ಟರು.