ರೂಟರಿನ ಪಾಸ್‌ವರ್ಡ್

ಗಂಡ ಗಿರೀಶ ತೀರಿಹೋದ ಇಪ್ಪತ್ತನೇ ದಿನ ಯಶೋದಾ ಅವನು ದುಡಿಯುತ್ತಿದ್ದ ಲ್ಯಾಬಿಗೇ ಕೆಲಸಕ್ಕೆ ಸೇರಿದಳು. ೨೦೦೮ರ ಫೆಬ್ರವರಿ. ಹೊಳಲ್ಕೆರೆಯಲ್ಲಿ ಪ್ರಿಂಟರ್ ಕೆಟ್ಟಿದೆಯೆಂದು ಬೈಕಿನಲ್ಲಿ ಹೋಗಿದ್ದವನು ಚಿತ್ರದುರ್ಗಕ್ಕೆ ವಾಪಸ್ ಬರುವಾಗ ಲಾರಿಗೆ ಸಿಕ್ಕಿದ್ದ. ಮೂವತ್ತಾರು ವರ್ಷ ವಯಸ್ಸು. ಮಣ್ಣು ಮಾಡಿದ್ದು ಅವನ ಊರು ಹರಿಯಬ್ಬೆಯಲ್ಲಿ. ಅಲ್ಲಿನ ಹೆಂಗಸರು ಯಶೋದಾಳನ್ನು ಸುತ್ತುಗಟ್ಟಿ ಕೂತು, "ಅಳವ್ವಾ, ಅತ್ತುಬಿಡು, ಎದೆ ಹಗುರಾಗ್ತೈತೆ" ಅಂದರು. ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಲ್ಯಾಬು ಡಾಕ್ಟರ್ ರೇವಣಸಿದ್ದಪ್ಪನವರದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಅವರ ಒಂದೊಂದು ಸಣ್ಣ ಕೇಂದ್ರವಿತ್ತು. ಬೆಳಗ್ಗೆ ಅಲ್ಲಿ ತೆಗೆದ ರಕ್ತ ಥರ್ಮಕೋಲ್ ಡಬ್ಬಿಯಲ್ಲಿ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬರುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ರಿಪೋರ್ಟನ್ನು ಇಲ್ಲಿನ ಸರ್ವರಿಗೆ ಹಾಕಿದರೆ, ಕೇಂದ್ರದವರು ಇಂಟರ್‌ನೆಟ್ಟಿನಲ್ಲಿ ತೆಗೆದು ಪ್ರಿಂಟು ಹಾಕಿ ಕೊಡುತ್ತಿದ್ದರು. ಆ ಏರ್ಪಾಡೆಲ್ಲ ಗಿರೀಶ ಒಬ್ಬನೇ ಮಾಡಿದ್ದು. ಮದುವೆಗೆ ಮುಂಚೆ ಯಶೋದಾ ಎರಡು ವರ್ಷ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳಿದ್ದಳೆಂದು ಡಾಕ್ಟರಿಗೆ ಗೊತ್ತಿತ್ತು. ರಿಪೋರ್ಟ್ ಕೌಂಟರಿನಲ್ಲಿ ಕೂರಿಸಿದರು.

ಅವಳು ಒಂಬತ್ತಕ್ಕೆ ಬರುತ್ತಿದ್ದಳು, ಆರಕ್ಕೆ ಹೋಗುತ್ತಿದ್ದಳು. ಹೆಸರು ಕೇಳುವುದು, ಹಾಳೆ ಮಡಚಿ ಲಕೋಟೆಗೆ ಹಾಕುವುದು, ಕೊಡುವುದು. ಒಳ್ಳೆಯ ರಿಪೋರ್ಟು, ಕೆಟ್ಟ ರಿಪೋರ್ಟು ಎರಡನ್ನೂ ಒಂದೇ ಮುಖದಲ್ಲಿ ಕೊಡುತ್ತಿದ್ದಳು. ಮೆದೇಹಳ್ಳಿ ರಸ್ತೆಯ ಬಾಡಿಗೆ ಮನೆಯಲ್ಲಿ ಅತ್ತೆ ಹುಚ್ಚಕ್ಕ ಜೊತೆಗಿದ್ದಳು. ಕುರಿ, ಹೊಲವನ್ನೆಲ್ಲ ದೊಡ್ಡ ಮಗನಿಗೆ ಒಪ್ಪಿಸಿ, ಸೊಸೆಯನ್ನು ಒಂಟಿ ಬಿಡಬಾರದೆಂದು ಬಂದವಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಟೀವಿ ಹಾಕಿ ಸುಮ್ಮನೆ ನೋಡುತ್ತಿದ್ದರು.

ಜುಲೈನಲ್ಲಿ ಲ್ಯಾಬಿನ ಕಂಪ್ಯೂಟರುಗಳಿಗೆ ವೈರಸ್ಸು ಹೊಕ್ಕಿತು. ಹೆದರಿದ ಡಾಕ್ಟರು ಒಂದು ಫೈರ್‌ವಾಲ್ ತರಿಸಿದರು. ಹೊರಗಿಂದ ಏನು ಒಳಬರಬಹುದು, ಏನು ಬರಬಾರದು ಎಂದು ಕಾಯುವ ಪೆಟ್ಟಿಗೆ ಅದು. ದಾವಣಗೆರೆಯಿಂದ ಬಂದ ಎಂಜಿನಿಯರ್ ಶ್ರೀನಿವಾಸ್, ಇಂಟರ್‌ನೆಟ್ ಒಳತರುವ ಗೋಡೆಯ ರೂಟರಿಗೂ ಒಳಗಿನ ಕಂಪ್ಯೂಟರುಗಳಿಗೂ ನಡುವೆ ಅದನ್ನು ಕೂರಿಸಿ, ಸರ್ವರಿಗೆ ಹೊಸ ವಿಳಾಸ ಕೊಟ್ಟು, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ.

ಒಳಗೆ ಎಲ್ಲ ಸರಿಯಿತ್ತು. ಮೂರು ಗಂಟೆಗೆ ಹೊಳಲ್ಕೆರೆ ಕೇಂದ್ರದ ಜಂಬಣ್ಣ ಫೋನು ಮಾಡಿದ. "ಅಕ್ಕಾ, ಒಂದು ರಿಪೋರ್ಟೂ ತೆರೀತಿಲ್ಲ. ಜನ ಕುಂತವ್ರೆ." ಹಿಂದೆಯೇ ಹಿರಿಯೂರು, ಹೊಸದುರ್ಗದಿಂದಲೂ ಅದೇ ದೂರು. ಆ ದಿನ, ಮಾರನೇ ದಿನ ಯಶೋದಾ ರಿಪೋರ್ಟುಗಳನ್ನು ಫೋನಿನಲ್ಲಿ ಓದಿ ಹೇಳಿದಳು. ಅತ್ತ ಕಡೆಯವರು ಕೈಯಲ್ಲಿ ಬರೆದುಕೊಂಡರು. ಎರಡನೇ ದಿನ ಜಂಬಣ್ಣ ಮುದುಕಿಯೊಬ್ಬಳ ಸಕ್ಕರೆಯ ಅಂಶ ನೂರಾ ಹದಿನಾರನ್ನು ನೂರಾ ಅರವತ್ತೆಂದು ಬರೆದುಬಿಟ್ಟಿದ್ದ. ವಾಪಸ್ ಓದಿಸಿದಾಗ ಅವಳಿಗೆ ಗೊತ್ತಾಯಿತು. ತಿದ್ದಿಸಿದಳು. ಆಮೇಲೆ ಪ್ರತಿ ರಿಪೋರ್ಟನ್ನೂ ಎರಡೆರಡು ಸಲ ವಾಪಸ್ ಓದಿಸಿದಳು.

ಡಾಕ್ಟರು ಶ್ರೀನಿವಾಸನಿಗೆ ಫೋನು ಹಚ್ಚಿ ಬೈದರು. ಅವನು ಬೇರೆ ಊರಿನ ಕೆಲಸದಲ್ಲಿ ಸಿಕ್ಕಿಕೊಂಡಿದ್ದ. "ಸರ್, ರೂಟರಿನಲ್ಲೂ ಒಂದು ಸಾಲು ಬದಲಾಗಬೇಕು. ಅದರ ಪಾಸ್‌ವರ್ಡ್ ಯಾರ ಹತ್ರಾನೂ ಇಲ್ಲ. ಅಳಿಸಿ ಹೊಸದಾಗಿ ಮಾಡಾಣ ಅಂದ್ರೆ ಬ್ರಾಡ್‌ಬ್ಯಾಂಡಿನ ಯೂಸರ್ ನೇಮ್ ಇರೋ ಕಾಗದಾನೂ ಇಲ್ಲ ಅಂತೀರಿ. ಬರೋದು ಸೋಮವಾರವೇ."

ಡಾಕ್ಟರು ಕೌಂಟರಿಗೆ ಬಂದು ನಿಂತರು. ಕೇಳಲು ಹಿಂಜರಿದದ್ದು ಅವಳಿಗೆ ತಿಳಿಯಿತು.

"ಯಶೋದಾ, ಗಿರೀಶ ಪಾಸ್‌ವರ್ಡ್ ಏನಾದ್ರೂ ಹೇಳಿದ್ನೇನಮ್ಮ?"

"ಇಲ್ಲ ಸರ್. ನೋಡ್ತೀನಿ."

ಗಿರೀಶನ ಮೇಜಿನ ಕಂಪ್ಯೂಟರಿನ ಮುಂದೆ ಕೂತು, ಪಾಸ್‌ವರ್ಡ್ ಕೇಳಿದಲ್ಲಿ ಮೊದಲು ತನ್ನ ಹೆಸರು ಹಾಕಿದಳು. ಒಪ್ಪಲಿಲ್ಲ. ಹುಚ್ಚಕ್ಕನ ಹೆಸರು, ಹರಿಯಬ್ಬೆ, ಮದುವೆಯ ತಾರೀಖು, ಬೈಕಿನ ನಂಬರು. ಯಾವುದೂ ಅಲ್ಲ. ಲ್ಯಾಬಿನ ಹುಡುಗಿಯರು ಹಿಂದೆ ನಿಂತು ನೋಡುತ್ತಿದ್ದರು. ಯಶೋದಾ ಎದ್ದು ಸ್ಕ್ರೂಡ್ರೈವರ್ ತಂದು, ಗೋಡೆಗೆ ಬಿಗಿದಿದ್ದ ರೂಟರನ್ನು ಬಿಚ್ಚಿ ತಿರುಗಿಸಿದಳು. ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ ಕಂಪನಿಯವರು ಅಚ್ಚು ಹಾಕಿದ ಎಂಟು ಅಕ್ಷರಗಳಿದ್ದವು. ಹಾಕಿದಳು. ತೆರೆಯಿತು.

ಅವನು ಬದಲಾಯಿಸಿಯೇ ಇರಲಿಲ್ಲ.

"ಇಷ್ಟು ಅಸಡ್ಡೆನಾ?" ಅಂತ ಬಾಯಿಂದ ಬಂದೇಬಿಟ್ಟಿತು, ಗಟ್ಟಿಯಾಗಿಯೇ. ಹುಡುಗಿಯರು ಸರಿದುಹೋದರು. ಆರು ತಿಂಗಳಲ್ಲಿ ಅವಳಿಗೆ ಹೀಗೆ ಬಿಸಿಯಾಗಿ ಏನಾದರೂ ಅನ್ನಿಸಿದ್ದು ಅದೇ ಮೊದಲು. ಒಂದೆರಡು ನಿಮಿಷ ಇತ್ತು, ಹೋಯಿತು.

ಶ್ರೀನಿವಾಸ್ ಫೋನಿನಲ್ಲಿ ವಿವರಿಸಿದ. "ನೋಡ್ರಿ ಮೇಡಂ, ಹೊರಗಿನವರಿಗೆ ನಿಮ್ಮ ಲ್ಯಾಬಿಂದು ಒಂದೇ ವಿಳಾಸ. ಒಳಗೆ ಒಂದೊಂದು ಕಂಪ್ಯೂಟರಿಗೂ ಬೇರೆ ಬೇರೆ. ರಿಪೋರ್ಟು ಕೇಳ್ಕೊಂಡು ಬಂದವರನ್ನ ರೂಟರು ಆ ವಿಳಾಸ ಬದಲಿಸಿ ಸರ್ವರಿಗೆ ಕಳಿಸ್ತಿತ್ತು. ಈಗ ಸರ್ವರ್ ಫೈರ್‌ವಾಲಿನ ಹಿಂದೆ ಹೋಗೈತೆ. ರೂಟರಿಗೆ ಅದು ಗೊತ್ತಿಲ್ಲ, ಹಳೇ ಜಾಗಕ್ಕೇ ಕಳಿಸ್ತಾ ಐತೆ."

"ಅಂದ್ರೆ ರೂಟರು ಫೈರ್‌ವಾಲಿಗೆ ಕಳಿಸಬೇಕು. ಫೈರ್‌ವಾಲು ಇನ್ನೊಂದು ಸಲ ಬದಲಿಸಿ ಸರ್ವರಿಗೆ ಕೊಡಬೇಕು."

"ಅಷ್ಟೇ ನೋಡ್ರಿ. ಫೈರ್‌ವಾಲಿಂದು ನಾನು ಮಾಡೀನಿ."

ರೂಟರಿನ ಪಟ್ಟಿಯಲ್ಲಿ ಗಿರೀಶ ಬರೆದಿದ್ದ ಸಾಲು ಸಿಕ್ಕಿತು. ಹಳೆಯ ವಿಳಾಸ ಅಳಿಸಿ ಫೈರ್‌ವಾಲಿನ ವಿಳಾಸ ಹಾಕಿ ಉಳಿಸಿದಳು. ಜಂಬಣ್ಣನಿಗೆ ತೆರೆದು ನೋಡಲು ಹೇಳಿದಳು. "ಇಲ್ಲಕ್ಕ, ಸುತ್ತುತ್ತಾ ಐತೆ." ಫೈರ್‌ವಾಲಿನ ದಾಖಲೆ ತೆಗೆದು ನೋಡಿದರೆ, ಹೊಳಲ್ಕೆರೆಯ ಕೋರಿಕೆ ಬಂದು ಸರ್ವರಿನವರೆಗೂ ಮುಟ್ಟಿತ್ತು. ಉತ್ತರ ಮಾತ್ರ ಹೊರಟಿರಲಿಲ್ಲ. ಶ್ರೀನಿವಾಸನ ಫೋನು ಆಗ ಸಿಗಲಿಲ್ಲ. ಅವಳು ಸರ್ವರಿನ ಮುಂದೆ ಕೂತು ಒಂದೊಂದೇ ಸಂಖ್ಯೆ ಕಾಗದದಲ್ಲಿ ಬರೆದು ಹೋಲಿಸಿದಳು. ಮುಕ್ಕಾಲು ಗಂಟೆ ಹಿಡಿಯಿತು. ಸರ್ವರಿಗೆ ಹೊಸ ವಿಳಾಸ ಕೊಟ್ಟ ಶ್ರೀನಿವಾಸ್, ಹೊರಗೆ ಹೋಗುವ ದಾರಿ ಯಾವುದೆಂಬಲ್ಲಿ ಹಳೆಯ ರೂಟರನ್ನೇ ಬಿಟ್ಟಿದ್ದ. ಅಲ್ಲಿ ಫೈರ್‌ವಾಲಿನ ಒಳವಿಳಾಸ ಹಾಕಿದಳು.

ಫೋನಿನಲ್ಲಿ ಪ್ರಿಂಟರಿನ ಸದ್ದು ಕೇಳಿಸಿತು. "ಬಂತು ಬಂತು, ಬಂತಕ್ಕಾ!" ಅಂದ ಜಂಬಣ್ಣ.

"ಸರಿ. ಮುದುಕೀದು ನೂರಾ ಹದಿನಾರು ಅಂತ ಐತಾ ನೋಡು."

"ಐತೆ."

ಡಾಕ್ಟರು ಚಹಾ ತರಿಸಿದರು. ಎಲ್ಲರೂ ಹೊಗಳಿದರು. ಖುಷಿಯಾಗಬೇಕಿತ್ತು ಅಂದುಕೊಂಡಳೇ ಹೊರತು ಆಗಲಿಲ್ಲ. ರೂಟರಿನ ಪಾಸ್‌ವರ್ಡ್ ಬದಲಿಸಿದಳು. ಯಾವ ಅರ್ಥವೂ ಇಲ್ಲದ ಅಕ್ಷರಗಳನ್ನು ಆರಿಸಿ, ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ ಡಾಕ್ಟರ ಕೈಗೆ ಕೊಟ್ಟಳು. "ನಾನು ಇಲ್ಲದಿದ್ರೂ ಬೇಕಾಗ್ತೈತೆ ಸರ್." ಅವರು ಅದನ್ನು ಬೀರುವಿನಲ್ಲಿಟ್ಟರು.

ಮುಂದಿನ ತಿಂಗಳು ಕೌಂಟರಿಗೆ ಬೇರೆಯವರು ಬಂದರು. ಮೂರು ಕೇಂದ್ರಗಳ ಕಂಪ್ಯೂಟರುಗಳು ಯಶೋದಾಳ ಪಾಲಾದವು. ಹೊಳಲ್ಕೆರೆಗೆ ಮೊದಲ ಸಲ ಹೋಗುವ ದಿನ ಹುಚ್ಚಕ್ಕ ಬೆಳಗ್ಗೆಯಿಂದ ಒಳಗೂ ಹೊರಗೂ ಓಡಾಡಿದಳು. ಸಂಜೆ ಬಾಗಿಲಲ್ಲೇ ಕೇಳಿದಳು: "ಅವ್ನು ಬಿದ್ದ ಜಾಗ ನೋಡ್ದೇನವ್ವ?"

"ಹೋಗ್ತಾ ನಿದ್ದೆ ಹತ್ತಿಬಿಡ್ತು ಅತ್ತೆ. ಬರ್ತಾ ಬಸ್ಸು ತುಂಬಿತ್ತು, ನಿಂತ್ಕಂಡೇ ಬಂದೆ. ಕಿಟಕಿ ಕಾಣ್ಲಿಲ್ಲ."

ಹುಚ್ಚಕ್ಕ ಸೊಸೆಯ ಮುಖ ನೋಡಿದಳು. ಬೈಯುತ್ತಾಳೇನೋ ಅಂದುಕೊಂಡಳು ಯಶೋದಾ. ಮುದುಕಿ ಅವಳ ಕೈಯಿಂದ ಚೀಲ ತೆಗೆದುಕೊಂಡು, "ಕುಂತ್ಕ. ಕಾಲು ನೋಯ್ತಿರ್ತಾವೆ" ಅಂದಳು.

ಹಾಗೆ ಒಂದು ವರ್ಷವಾಯಿತು. ಯಶೋದಾ ಹೊಸದುರ್ಗದ ಕೇಂದ್ರದಲ್ಲಿ ನೆಲದ ಮೇಲೆ ಕೂತು ತಂತಿ ಜೋಡಿಸುತ್ತಿದ್ದಾಗ, ಬಾಗೂರಿನ ಔಷಧಿ ಅಂಗಡಿಯವನೊಬ್ಬ ಬಂದ. ತನ್ನ ಅಂಗಡಿಯಲ್ಲೂ ರಿಪೋರ್ಟು ತೆರೆಯುವಂತೆ ಮಾಡಿಕೊಡುತ್ತೇನೆಂದು ಎರಡು ವರ್ಷದ ಕೆಳಗೆ ಗಿರೀಶ ಅವನಿಗೆ ಮಾತು ಕೊಟ್ಟಿದ್ದನಂತೆ.

"ಗಿರೀಶ್ ಅಂತಿದ್ರಲ್ಲ, ಅವ್ರು ಬಂದಿಲ್ಲೇನ್ರಿ?"

ಕೇಂದ್ರದವರು ಯಶೋದಾಳ ಕಡೆ ನೋಡಿದರು. ಯಶೋದಾ ಕೈಯ ತಂತಿ ಬಿಡಲಿಲ್ಲ.

"ಅವ್ರು ತೀರ್ಕೊಂಡ್ರು. ನಾನು ಮಾಡಿಕೊಡ್ತೀನಿ. ನಿಮ್ಮಲ್ಲಿ ಬ್ರಾಡ್‌ಬ್ಯಾಂಡ್ ಐತಾ?"

"ಐತೆ ಮೇಡಂ."

"ಸ್ವಲ್ಪ ಕುಂತ್ಕಳ್ರಿ. ಇದು ಮುಗೀಲಿ, ಹೋಗಾಣ."